ಬರೀ ಗಾಳಿಯಲ್ಲವೇ?

ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ, ಊರೊಳಗಿನ ಗ್ಯಾರೇಜು, ಬಡಗಿಯ ಪಾಲಿಶ್ ಶೆಡ್ಡು, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಪೀಣ್ಯದ ಸಣ್ಣ ಕಾರ್ಖಾನೆ, ಇವೆಲ್ಲದರಲ್ಲೂ ಕಾಣುವ ಒಂದು ಯಂತ್ರವಿದ್ದರೆ ಅದು ಏರ್ ಕಂಪ್ರೆಸರ್. ಹೆಚ್ಚಿನ ಕಡೆ ಅದಕ್ಕೆ ಸಿಗುವುದು ಅಂಗಡಿಯ ಹಿಂದಿನ ಮೂಲೆ, ಹಳೆ ಟೈರುಗಳ ಪಕ್ಕದ ಜಾಗ. ವೆಲ್ಡಿಂಗಿನ ಬೆಳಕಿಗೆ ಮುಖ ತಿರುಗಿಸುವವರು, ಗ್ಯಾಸಿನ ವಾಸನೆ ಬಂದರೆ ಬೀದಿಗೆ ಓಡುವವರು ಈ ಯಂತ್ರದ ಟ್ಯಾಂಕಿಗೆ ಒರಗಿಕೊಂಡೇ ಚಹಾ ಕುಡಿಯುತ್ತಾರೆ. ಒಳಗಿರುವುದು ಬರೀ ಗಾಳಿಯಲ್ಲವೇ? ಬಣ್ಣವಿಲ್ಲ, ವಾಸನೆಯಿಲ್ಲ, ಬೆಂಕಿ ಹತ್ತುವಂಥದ್ದಲ್ಲ, ಸೋರಿದರೆ ಯಾರಿಗೂ ವಿಷವಲ್ಲ. ಕಂಪ್ರೆಸರನ್ನು ಸುರಕ್ಷಿತವಾಗಿ ಕೂರಿಸಿ ಚಾಲೂ ಮಾಡುವುದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರವೂ ವೈರಿಂಗಿನಲ್ಲೇ ಮುಗಿಯುತ್ತದೆ. ಸರಿಯಾದ ಸ್ಟಾರ್ಟರ್ ಹಾಕಿ, ಅರ್ಥಿಂಗ್ ಕೊಡಿ, ಎಲೆಕ್ಟ್ರಿಷಿಯನ್ ಬಂದು ಹೋದರೆ ಕೆಲಸ ಆಯಿತು. ಮೋಟರನ್ನು ಕೊಂಡಂತೆ ಅದನ್ನು ಕೊಳ್ಳುತ್ತೇವೆ, ಮೋಟರಿನಂತೆಯೇ ಕೂರಿಸುತ್ತೇವೆ. ಆದರೆ ಅಪಾಯದ ಕಣ್ಣಿನಿಂದ ನೋಡಿದರೆ ಕಂಪ್ರೆಸರ್ ಮೊದಲು ಒಂದು ಒತ್ತಡದ ಪಾತ್ರೆ, ಆಮೇಲೆ ಮೋಟರು. ಆ ಪಾತ್ರೆ ಎಷ್ಟು ಸುರಕ್ಷಿತ ಎಂಬುದನ್ನು ದಿನವೂ ಓಡಿಸುವ ಹುಡುಗನ ಎಚ್ಚರ ಸ್ವಲ್ಪ ಮಾತ್ರ ನಿರ್ಧರಿಸುತ್ತದೆ. ಕೊಳ್ಳುವ ದಿನ, ಕೂರಿಸುವ ಜಾಗ, ಮೊದಲ ಗಂಟೆಯ ಓಟ, ಈ ಮೂರರಲ್ಲಿ ಹೆಚ್ಚಿನದು ತೀರ್ಮಾನವಾಗಿ ಹೋಗಿರುತ್ತದೆ.

ಟ್ಯಾಂಕಿನಲ್ಲಿ ಎಷ್ಟು ಶಕ್ತಿ ಕೂಡಿರುತ್ತದೆ ಎಂಬ ಲೆಕ್ಕದಿಂದಲೇ ಹೊರಡೋಣ. 2 ಎಚ್.ಪಿ. ಮೋಟರು, 100 ಲೀಟರ್ ಟ್ಯಾಂಕು ಇರುವ ಯಂತ್ರ ಗ್ಯಾರೇಜುಗಳಲ್ಲಿ ಸಾಮಾನ್ಯ. ಅದರಲ್ಲಿ 10 ಬಾರ್ ಒತ್ತಡ, ಅಂದರೆ ಅಂಗಡಿಯ ಮಾತಿನಲ್ಲಿ ಸುಮಾರು 10 ಕೆ.ಜಿ. ಅಥವಾ 145 ಪಾಯಿಂಟ್ ಗಾಳಿ ತುಂಬಿದೆ ಎಂದಿಟ್ಟುಕೊಳ್ಳಿ. ಆ ಗಾಳಿ ಒಮ್ಮೆಲೇ ಹಿಗ್ಗಿ ಹೊರಬಿದ್ದರೆ ಬಿಡುಗಡೆಯಾಗುವ ಶಕ್ತಿ ಸುಮಾರು 1,36,000 ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವಾಗ ಅದರಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಟ್ಯಾಂಕಿನ ವ್ಯಾಸ 35 ಸೆಂ.ಮೀ. ಇದ್ದರೆ ಅದರ ಒಂದೊಂದು ಕೊನೆಯ ಮುಚ್ಚಳದ ಮೇಲೂ ಒಳಗಿನಿಂದ ಬೀಳುವ ಬಲ ಹತ್ತಿರ ಹತ್ತಿರ 9.8 ಟನ್. ವೆಲ್ಡಿಂಗ್ ಹೊಲಿಗೆ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಅಷ್ಟೇ. ಇನ್ನೊಂದು ಲೆಕ್ಕವನ್ನು ಇದರ ಪಕ್ಕಕ್ಕಿಟ್ಟರೆ ವಿಷಯ ಮತ್ತೂ ತಿಳಿಯಾಗುತ್ತದೆ. ಅದೇ ಟ್ಯಾಂಕಿಗೆ ಗಾಳಿಯ ಬದಲು ನೀರು ತುಂಬಿ 15 ಬಾರ್‌ವರೆಗೆ ಒತ್ತಿದರೂ ನೀರಿನಲ್ಲಿ ಕೂಡುವ ಶಕ್ತಿ ಸುಮಾರು 50 ಜೂಲ್ ಮಾತ್ರ, ಏಕೆಂದರೆ ನೀರು ಕುಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕುಗ್ಗುತ್ತದೆ. ಟ್ಯಾಂಕನ್ನು ಪರೀಕ್ಷಿಸುವವರು ಗಾಳಿ ಬಿಟ್ಟು ನೀರು ತುಂಬುವುದು ಇದಕ್ಕೇ. ನೀರಿನ ಪರೀಕ್ಷೆಯಲ್ಲಿ ಬಿರುಕು ಬಿಟ್ಟ ಟ್ಯಾಂಕು ನೆಲ ಒದ್ದೆ ಮಾಡುತ್ತದೆ. ಗಾಳಿ ತುಂಬಿದಾಗ ಬಿರುಕು ಬಿಟ್ಟ ಟ್ಯಾಂಕು ಗೋಡೆ ಒಡೆಯುತ್ತದೆ. ಗುಜರಿಯಿಂದ ತಂದ ಟ್ಯಾಂಕಿಗೆ ಹೊಸ ವೆಲ್ಡಿಂಗ್ ಮಾಡಿ, ಗಾಳಿ ತುಂಬಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಮುಖ ಹತ್ತಿರ ಒಯ್ದು ನೋಡುವ ರೂಢಿ ಎಂಥ ಸಾಹಸ ಎನ್ನುವುದು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದೆ.

ಉಗಿಯ ಬಗ್ಗೆ ನಮ್ಮ ದೇಶ ಹೀಗೆ ಉದಾಸೀನ ಮಾಡಲಿಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾಯ್ದೆ ಬಂತು. ಅದರ ಮುಂದುವರಿಕೆಯಾಗಿ 1923ರ ಬಾಯ್ಲರ್ ಕಾಯ್ದೆ, ಈಗ ಅದರ ಜಾಗದಲ್ಲಿ 2025ರ ಹೊಸ ಕಾಯ್ದೆ. 25 ಲೀಟರಿಗಿಂತ ದೊಡ್ಡ ಬಾಯ್ಲರ್ ಇಟ್ಟವರು ನೋಂದಣಿ ಮಾಡಿಸಬೇಕು, ತಪಾಸಣೆ ಮಾಡಿಸಬೇಕು. ಅಮೆರಿಕದ ಬ್ರಾಕ್ಟನ್ ಪಟ್ಟಣದ ಬೂಟು ಕಾರ್ಖಾನೆಯಲ್ಲಿ 1905ರಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತ ಮೇಲೆ ಅಲ್ಲಿಯೂ ಬಾಯ್ಲರ್ ಕಟ್ಟುವ ನಿಯಮಗಳು ಬಿಗಿಯಾದವು. ಉಗಿಯ ಭಯಕ್ಕೆ ಕಾರಣವಿಲ್ಲವೆಂದಲ್ಲ. ಬಾಯ್ಲರಿನಲ್ಲಿ ನೂರು ಡಿಗ್ರಿ ದಾಟಿದ ನೀರು ಇರುತ್ತದೆ, ಪಾತ್ರೆ ಒಡೆದ ಕ್ಷಣ ಅದು ಉಗಿಯಾಗಿ ಸಾವಿರ ಪಟ್ಟು ಹಿಗ್ಗುತ್ತದೆ. ಅದೇ ಅಳತೆಯ ಗಾಳಿ ಟ್ಯಾಂಕು ಅಷ್ಟು ಭೀಕರವಲ್ಲ. ಆದರೆ ಅಷ್ಟು ಭೀಕರವಲ್ಲ ಎನ್ನುವುದಕ್ಕೂ ಭಯಪಡಬೇಕಾದದ್ದೇ ಇಲ್ಲ ಎನ್ನುವುದಕ್ಕೂ ನಡುವೆ ದೂರವಿದೆ. ಉಗಿ ದೊಡ್ಡ ದೊಡ್ಡ ಗಿರಣಿಗಳಲ್ಲಿ ಸಿಡಿದು ಸುದ್ದಿಯಾಯಿತು, ಕಾನೂನಾಯಿತು. ಗಾಳಿ ಟ್ಯಾಂಕುಗಳು ಒಂದೊಂದಾಗಿ, ಒಬ್ಬಿಬ್ಬರ ಅಂಗಡಿಗಳಲ್ಲಿ ಸಿಡಿಯುತ್ತವೆ; ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲಾಗಿ ಮುಗಿಯುತ್ತವೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಪ್ರತಿ ಕಂಪ್ರೆಸರಿಗೂ ಸೇಫ್ಟಿ ವಾಲ್ವ್ ಇರುತ್ತದಲ್ಲ, ಒತ್ತಡ ಮಿತಿ ಮೀರಿದರೆ ಅದೇ ತೆರೆದುಕೊಂಡು ಗಾಳಿ ಬಿಡುತ್ತದಲ್ಲ, ಮತ್ತೇಕೆ ಇಷ್ಟು ಆತಂಕ? ಸೇಫ್ಟಿ ವಾಲ್ವ್ ಕಾಯುವುದು ಒಂದೇ ಬಾಗಿಲನ್ನು. ಪ್ರೆಷರ್ ಸ್ವಿಚ್ ಕೆಟ್ಟು ಮೋಟರು ನಿಲ್ಲದೆ ಓಡಿದರೆ ಅದು ಕಾಪಾಡುತ್ತದೆ, ಅದೂ ಅದರ ಅಳತೆ ಪಂಪು ತುಂಬುವ ಗಾಳಿಯನ್ನು ಬಿಡುವಷ್ಟು ದೊಡ್ಡದಾಗಿದ್ದರೆ, ಟ್ಯಾಂಕಿಗೂ ಅದಕ್ಕೂ ನಡುವೆ ಬೇರಾವ ವಾಲ್ವೂ ಇಲ್ಲದಿದ್ದರೆ, ಅದರ ಒತ್ತಡ ಟ್ಯಾಂಕಿನ ಪ್ಲೇಟಿನಲ್ಲಿ ಬರೆದ ಮಿತಿಯೊಳಗೇ ಇದ್ದರೆ. ಟ್ಯಾಂಕೇ ಸವೆದಿದ್ದರೆ ಅದು ಏನೂ ಮಾಡಲಾರದು. ತುಕ್ಕು ತಿಂದ ಟ್ಯಾಂಕು ಸಿಡಿಯಲು ಹೆಚ್ಚಿನ ಒತ್ತಡ ಬೇಕಿಲ್ಲ, ದಿನವೂ ಇರುವ 8 ಬಾರ್‌ನಲ್ಲೇ ಸಿಡಿಯುತ್ತದೆ. ಆ ಹೊತ್ತಿನಲ್ಲಿ ಸೇಫ್ಟಿ ವಾಲ್ವಿನ ದೃಷ್ಟಿಯಿಂದ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅದಲ್ಲದೆ ಈ ವಾಲ್ವಿಗೆ ನಮ್ಮಲ್ಲಿ ಆಗುವ ಅನ್ಯಾಯವೂ ಸಣ್ಣದಲ್ಲ. ಅದು ಆಗಾಗ ಸುಯ್ ಎನ್ನತೊಡಗಿದರೆ ಗಾಳಿ ದಂಡವಾಯಿತೆಂದು ಅದರ ತಿರುಪನ್ನು ಬಿಗಿ ಮಾಡುತ್ತಾರೆ, ಇನ್ನೂ ಮುಂದೆ ಹೋಗಿ ಅದನ್ನೇ ಬಿಚ್ಚಿ ಬೋಲ್ಟ್ ಹೊಡೆದುಬಿಡುತ್ತಾರೆ. ಸೇಫ್ಟಿ ವಾಲ್ವ್ ಕೂಗಿದರೆ ನೋಡಬೇಕಾದದ್ದು ಪ್ರೆಷರ್ ಸ್ವಿಚ್ಚನ್ನು. ದೂರು ಹೇಳಿದವನ ಬಾಯಿಗೇ ಬಟ್ಟೆ ತುರುಕುವ ಕೆಲಸ ಬೇಡ.

ಎರಡನೆಯ ಆಕ್ಷೇಪ ಅನುಭವದ್ದು, ಅದಕ್ಕೇ ಹೆಚ್ಚು ತೂಕ. ಹತ್ತು ಹದಿನೈದು ವರ್ಷದಿಂದ ಓಡುತ್ತಿದೆ, ಏನೂ ಆಗಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಉಕ್ಕಿನ ಲೆಕ್ಕ ಹಾಕಿದರೆ ಈ ಮಾತೇ ಎಚ್ಚರಿಕೆಯಾಗಿ ಕೇಳಿಸುತ್ತದೆ. 35 ಸೆಂ.ಮೀ. ವ್ಯಾಸದ, 3 ಮಿ.ಮೀ. ದಪ್ಪದ ತಗಡಿನ ಟ್ಯಾಂಕಿನಲ್ಲಿ 10 ಬಾರ್ ಗಾಳಿ ಇದ್ದಾಗ ತಗಡಿನ ಮೇಲೆ ಬೀಳುವ ಎಳೆತ ಪ್ರತಿ ಚದರ ಮಿ.ಮೀ.ಗೆ ಸುಮಾರು 58 ನ್ಯೂಟನ್. ಸಾಧಾರಣ ಮೆದು ಉಕ್ಕು 250ರ ಆಸುಪಾಸಿನಲ್ಲಿ ಸೋಲತೊಡಗುತ್ತದೆ. ತುಕ್ಕು ಹಿಡಿದು ತಗಡು 2 ಮಿ.ಮೀ. ಆದರೆ ಎಳೆತ 87, ಒಂದೇ ಮಿ.ಮೀ. ಉಳಿದಾಗ 175. ಅಂದರೆ ಮೂರರಲ್ಲಿ ಎರಡು ಪಾಲು ಲೋಹ ಕಳೆದುಕೊಂಡ ಮೇಲೂ ಟ್ಯಾಂಕು ಏನೂ ಹೇಳದೆ ಗಾಳಿ ಹಿಡಿದುಕೊಂಡಿರುತ್ತದೆ. ಆಮೇಲೆ ಒಂದು ದಿನ, ಹೊಲಿಗೆಯ ಪಕ್ಕದಲ್ಲೋ ತುಕ್ಕಿನ ಗುಳಿಯೊಂದರಲ್ಲೋ, ಉಳಿದ ಅಂತರ ಮುಗಿಯುತ್ತದೆ. ದಿನಕ್ಕೆ ಹತ್ತಾರು ಸಲ ಒತ್ತಡ ಏರಿ ಇಳಿಯುವುದರಿಂದ ಹೊಲಿಗೆ ದಣಿಯುವುದು ಬೇರೆ. ಹದಿನೈದು ವರ್ಷ ಏನೂ ಆಗಲಿಲ್ಲ ಎಂಬುದು ಟ್ಯಾಂಕಿನ ಆರೋಗ್ಯದ ಸುದ್ದಿಯನ್ನು ಕೊಡುವುದಿಲ್ಲ. ಅದು ಎಷ್ಟು ಹಳತಾಗಿದೆ ಎಂಬ ಸುದ್ದಿಯನ್ನಷ್ಟೇ ಕೊಡುತ್ತದೆ.

ತುಕ್ಕು ಎಲ್ಲಿಂದ ಬರುತ್ತದೆ? ಗಾಳಿಯಿಂದಲೇ. ಇದನ್ನು ಕರಾವಳಿಯವರು ವಿಶೇಷವಾಗಿ ಗಮನಿಸಬೇಕು. 30 ಡಿಗ್ರಿ ಸೆಲ್ಸಿಯಸ್ ತಾಪ, ನೂರಕ್ಕೆ 80ರಷ್ಟು ತೇವಾಂಶ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು ಎಂಟು ಪಟ್ಟು ಒತ್ತಿ ಮತ್ತೆ ಅದೇ ತಾಪಕ್ಕೆ ತಂದರೆ ಅದು ಹಿಡಿದಿಟ್ಟುಕೊಳ್ಳಬಲ್ಲದ್ದು 4 ಗ್ರಾಂಗಿಂತಲೂ ಕಡಿಮೆ. ಉಳಿದ 20 ಗ್ರಾಂ ನೀರಾಗಿ ಇಳಿಯಲೇಬೇಕು. ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುವ ಪಂಪು ಐದು ಗಂಟೆ ಓಡಿದರೆ 60 ಘನ ಮೀಟರ್ ಗಾಳಿ, ಒಂದು ಲೀಟರಿಗೂ ಮಿಕ್ಕಿದ ನೀರು. ಸ್ವಲ್ಪ ಪೈಪಿನೊಂದಿಗೆ ಮುಂದಕ್ಕೆ ಹೋಗುತ್ತದೆ, ಹೆಚ್ಚಿನದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಮಂಗಳೂರಿನ, ಕಾರವಾರದ ಮಳೆಗಾಲದಲ್ಲಿ ಇದು ಒಂದು ದಿನದ ಲೆಕ್ಕ. ಬೇಸಗೆಯ ಕಲಬುರಗಿಯಲ್ಲಿ ನೀರು ಬಹಳ ಕಡಿಮೆ, ಆದರೆ ಅಲ್ಲಿಯೂ ಶೂನ್ಯವಲ್ಲ. ಡ್ರೈನ್ ವಾಲ್ವನ್ನು ಟ್ಯಾಂಕಿನ ಅತಿ ತಗ್ಗಿನ ಜಾಗದಲ್ಲಿ ಇಟ್ಟಿರುವುದು ಇದಕ್ಕಾಗಿ. ಸಂಜೆ ಕೆಲಸ ಮುಗಿದ ಮೇಲೆ, ಒಂದೆರಡು ಬಾರ್ ಒತ್ತಡ ಉಳಿದಿರುವಾಗ ಅದನ್ನು ಮೆಲ್ಲಗೆ ತೆರೆದರೆ ನೀರು ತಾನೇ ಹೊರಬೀಳುತ್ತದೆ. ಇಷ್ಟು ಸುಲಭದ ಕೆಲಸ ಏಕೆ ನಡೆಯುವುದಿಲ್ಲ? ಯಂತ್ರ ಕೂರಿಸಿದ ದಿನ ಆ ವಾಲ್ವಿಗೆ ಕೈ ಎಟಕುವಂತೆ ಯಾರೂ ಯೋಚಿಸದಿರುವುದೇ ಹೆಚ್ಚಿನ ಕಡೆ ಕಾರಣ. ಟ್ಯಾಂಕು ಗೋಡೆಗೆ ಅಂಟಿದೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿದೆ, ಎದುರಿಗೆ ಸಾಮಾನು ಪೇರಿಸಿದ್ದಾರೆ. ಹುಡುಗ ಸೋಮಾರಿಯೆಂದು ಬೈಯುವ ಮಾಲೀಕ ಮೊದಲು ತಾನೇ ಮಂಡಿಯೂರಿ ಆ ವಾಲ್ವನ್ನು ತಿರುಗಿಸಿ ನೋಡಬಹುದು.

ಹಾಗಾಗಿ ಜಾಗದ ಆಯ್ಕೆ ಅನುಕೂಲದ ವಿಷಯವಷ್ಟೇ ಆಗಿ ಉಳಿಯುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಅದು ಭೌತಶಾಸ್ತ್ರದ ನಿಯಮ. 30 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗಲು ಬಿಡದೆ ಒಂದೇ ಹಂತದಲ್ಲಿ ಎಂಟು ಪಟ್ಟು ಒತ್ತಿದರೆ ತಾಪ ಸುಮಾರು 275 ಡಿಗ್ರಿಗೆ ಏರುತ್ತದೆ. ಎರಡು ಹಂತದಲ್ಲಿ ಒತ್ತಿ ನಡುವೆ ತಣಿಸಿದರೆ ಒಂದೊಂದು ಹಂತದಲ್ಲಿ 135ರ ಹತ್ತಿರ. ಸಿಲಿಂಡರಿನ ರೆಕ್ಕೆಗಳು ಶಾಖ ಹೊರಹಾಕುವುದರಿಂದ ನಿಜವಾದ ತಾಪ ಇದಕ್ಕಿಂತ ಕಡಿಮೆ ಇರುತ್ತದೆ, ಆದರೆ ಎಷ್ಟು ಕಡಿಮೆ ಎನ್ನುವುದು ಸುತ್ತ ಗಾಳಿ ಆಡುತ್ತದೆಯೇ ಎಂಬುದರ ಮೇಲಿದೆ. ಮುಚ್ಚಿದ ಶೆಡ್ಡಿನ ಮೂಲೆಯಲ್ಲಿ ಯಂತ್ರ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಪಿಸ್ಟನ್ ದಾಟಿ ಬಂದ ಆಯಿಲಿನ ಆವಿ ಬಿಸಿ ಪೈಪಿನಲ್ಲಿ ಕರಿಯಾಗಿ ಕೂರುತ್ತದೆ. ಆ ಕರಿ ಹೆಚ್ಚಾದಷ್ಟೂ ದಾರಿ ಇಕ್ಕಟ್ಟಾಗುತ್ತದೆ, ತಾಪ ಇನ್ನೂ ಏರುತ್ತದೆ, ಕೊನೆಗೆ ಪೈಪಿನೊಳಗೇ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಕಂಪ್ರೆಸರಿಗೆಂದೇ ಮಾಡಿದ ಆಯಿಲನ್ನೇ ಹಾಕಬೇಕೆಂದು ತಯಾರಕರು ಒತ್ತಾಯಿಸುವುದೂ, ಉಳಿದ ಎಂಜಿನ್ ಆಯಿಲ್ ಸುರಿಯಬೇಡಿ ಎನ್ನುವುದೂ ಈ ಕರಿಯ ದೆಸೆಯಿಂದ. ಗೋಡೆಯಿಂದ ಒಂದು ಒಂದೂವರೆ ಅಡಿ ದೂರ, ಬೆಲ್ಟಿನ ಚಕ್ರಕ್ಕೆ ಗಾಳಿ ಸಿಗುವ ದಿಕ್ಕು, ಧೂಳಿಲ್ಲದ ಕಡೆಯಿಂದ ಉಸಿರು, ಇಷ್ಟಿದ್ದರೆ ಸಾಕು. ಪೇಂಟಿಂಗ್ ಶೆಡ್ಡಿನವರಿಗೆ ಇನ್ನೊಂದು ಮಾತು: ತಿನ್ನರ್ ಆವಿ ತುಂಬಿದ ಕೋಣೆಯಲ್ಲೇ ಕಂಪ್ರೆಸರ್ ಇಟ್ಟರೆ ಪ್ರೆಷರ್ ಸ್ವಿಚ್ ಪ್ರತಿ ಸಲ ಕೂಡಿ ಬಿಡುವಾಗಲೂ ಹಾರುವ ಕಿಡಿ ಅದೇ ಆವಿಯ ನಡುವೆ ಹಾರುತ್ತದೆ. ಯಂತ್ರ ಗೋಡೆಯಾಚೆ ಇರಲಿ, ಪೈಪು ಒಳಗೆ ಬರಲಿ.

ನೆಲ ಸಮತಟ್ಟಾಗಿರಬೇಕು, ಕಾಲಿಗೆ ರಬ್ಬರ್ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದರ ಇನ್ನೊಂದು ಮುಖ. ಅಲುಗಾಡುತ್ತದೆಂದು ಟ್ಯಾಂಕಿನ ಕಾಲುಗಳನ್ನು ಏರುಪೇರಾದ ಸಿಮೆಂಟಿಗೆ ಬೋಲ್ಟ್ ಹಾಕಿ ಬಲವಂತವಾಗಿ ಬಿಗಿದರೆ ನಡುಕವೆಲ್ಲ ಕಾಲು ಮತ್ತು ಟ್ಯಾಂಕು ಸೇರುವ ಹೊಲಿಗೆಗೆ ಬೀಳುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದ. ಪೈಪ್‌ಲೈನಿನ ವಿಷಯದಲ್ಲಿಯೂ ಇಂಥದೇ ಒಂದು ಸದುದ್ದೇಶದ ತಪ್ಪು ವ್ಯಾಪಕವಾಗಿದೆ. ಅಗ್ಗ, ತುಕ್ಕು ಹಿಡಿಯುವುದಿಲ್ಲ, ಯಾರು ಬೇಕಾದರೂ ಅಂಟಿಸಬಹುದು ಎಂದು ನೀರಿನ ಪಿವಿಸಿ ಪೈಪನ್ನು ಗಾಳಿಗೆ ಎಳೆಯುತ್ತಾರೆ. ಪೈಪಿನ ಮೇಲೇ 10 ಕೆ.ಜಿ. ಎಂದು ಅಚ್ಚಾಗಿದೆಯಲ್ಲ ಎಂದು ಕೇಳುವವರಿದ್ದಾರೆ. ಆ ಅಂಕಿ ನೀರಿಗೆ ಕೊಟ್ಟದ್ದು. ನೀರು ತುಂಬಿದ ಪೈಪು ಒಡೆದರೆ ಚಿಮ್ಮುತ್ತದೆ, ನಿಲ್ಲುತ್ತದೆ. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಚೂರಾಗಿ ಹಾರುತ್ತದೆ. ಬಿಸಿ, ಆಯಿಲಿನ ಆವಿ, ಬಿಸಿಲು ಸೇರಿ ಅದನ್ನು ದಿನೇ ದಿನೇ ಪೆಡಸು ಮಾಡುತ್ತವೆ. ನೆಲದ ಮೇಲಿನ ಗಾಳಿ ಲೈನಿಗೆ ಪಿವಿಸಿ ಬಳಸಬೇಡಿ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 1988ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಜಿ.ಐ. ಪೈಪು, ತಾಮ್ರ, ಅಲ್ಯುಮಿನಿಯಂ, ಇಲ್ಲವೇ ಗಾಳಿಗೆಂದೇ ಮಾಡಿದ ಹೋಸ್ ಪೈಪು. ಈ ಆಯ್ಕೆಗಳಲ್ಲಿ ಯಾವುದೂ ಒಂದು ಸಣ್ಣ ಅಂಗಡಿಯನ್ನು ಮುಳುಗಿಸುವಷ್ಟು ದುಬಾರಿಯಲ್ಲ.

ಇನ್ನು ಕರೆಂಟು. ಇಲ್ಲಿ ಎಲೆಕ್ಟ್ರಿಷಿಯನ್ನರಿಗೆ ತಿಳಿದದ್ದನ್ನು ಮತ್ತೆ ಹೇಳುವುದಿಲ್ಲ, ಕಂಪ್ರೆಸರಿಗೇ ವಿಶೇಷವಾದದ್ದಷ್ಟು ಸಾಕು. ಮೋಟರು ನೇರವಾಗಿ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಆರು ಪಟ್ಟಿನಷ್ಟು ಕರೆಂಟು ಎಳೆಯುತ್ತದೆ. ಪಂಪಿನ ತಲೆಯ ಮೇಲೆ ಹಳೆ ಗಾಳಿಯ ಒತ್ತಡ ಉಳಿದಿದ್ದರೆ ತಿರುಗಲಾಗದೆ ಹೂಂಕರಿಸುತ್ತಾ ನಿಲ್ಲುತ್ತದೆ, ವೈಂಡಿಂಗ್ ಸುಡುತ್ತದೆ. ಅದಕ್ಕಾಗಿಯೇ ಯಂತ್ರ ತಾನಾಗಿ ನಿಂತ ಪ್ರತಿ ಸಲವೂ ಪ್ರೆಷರ್ ಸ್ವಿಚ್ಚಿನ ಬುಡದ ಪುಟ್ಟ ವಾಲ್ವು ಚುಸ್ ಎಂದು ಪಂಪಿನ ತಲೆಯ ಗಾಳಿಯನ್ನು ಬಿಡುತ್ತದೆ, ಟ್ಯಾಂಕಿನ ಗಾಳಿ ಹಿಂದಕ್ಕೆ ಬರದಂತೆ ಎನ್.ಆರ್.ವಿ. (ನಾನ್ ರಿಟರ್ನ್ ವಾಲ್ವ್) ತಡೆಯುತ್ತದೆ. ಆದರೆ ಓಡುತ್ತಿರುವಾಗಲೇ ಕರೆಂಟು ಹೋದರೆ? ಸ್ವಿಚ್ಚು ಆನ್ ಆಗಿಯೇ ಉಳಿಯುತ್ತದೆ, ಚುಸ್ ಎನ್ನುವುದಿಲ್ಲ. ಕರೆಂಟು ಬಂದ ಕ್ಷಣ ಮೋಟರು ಆ ಒತ್ತಡದ ಎದುರಿಗೇ ತಿರುಗಲು ಹೆಣಗುತ್ತದೆ. ಅಷ್ಟರಲ್ಲಿ ಯಾರಾದರೂ ಬೆಲ್ಟಿನ ಹತ್ತಿರ ಕೈ ಇಟ್ಟಿದ್ದರೆ ಅವರ ಬೆರಳೂ ಹೋಗುತ್ತದೆ. ಕರೆಂಟು ಬಂದು ಹೋಗುವ ನಮ್ಮ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಕರೆಂಟು ಹೋದ ಕೂಡಲೇ ಸ್ವಿಚ್ಚನ್ನು ಕೈಯಿಂದ ಆಫ್ ಮಾಡುವುದು ಒಂದು ದಾರಿ, ಕರೆಂಟು ಹೋದಾಗ ತಾನೇ ಬಿಟ್ಟುಕೊಳ್ಳುವ ಸ್ಟಾರ್ಟರ್ ಹಾಕಿಸುವುದು ಉತ್ತಮ ದಾರಿ. ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. ದೂರದಲ್ಲಿ ಕೆಲಸವಿದ್ದರೆ ವೈರು ಉದ್ದ ಮಾಡುವುದಕ್ಕಿಂತ ಗಾಳಿ ಪೈಪು ಉದ್ದ ಮಾಡುವುದು ಲೇಸು. ತ್ರೀ ಫೇಸ್ ಯಂತ್ರದಲ್ಲಿ ಇನ್ನೊಂದು ಗುಟ್ಟಿದೆ. ಫೇಸ್ ಅದಲುಬದಲಾದರೆ ಚಕ್ರ ಉಲ್ಟಾ ತಿರುಗುತ್ತದೆ, ಆದರೂ ಪಿಸ್ಟನ್ ಪಂಪು ಗಾಳಿ ತುಂಬುತ್ತಲೇ ಇರುತ್ತದೆ! ಎಲ್ಲ ಸರಿಯಿದೆ ಎಂದು ನಂಬಿಸುತ್ತದೆ. ಸಿಲಿಂಡರಿನ ಮೇಲೆ ಬೀಳಬೇಕಾದ ತಣ್ಣನೆ ಗಾಳಿ ಮಾತ್ರ ಬೇರೆ ಕಡೆ ಹೋಗುತ್ತಿರುತ್ತದೆ. ಸ್ಕ್ರೂ ಕಂಪ್ರೆಸರಾದರೆ ಇಷ್ಟು ಕ್ಷಮೆಯೂ ಇಲ್ಲ, ಕೆಲವೇ ಕ್ಷಣದ ಉಲ್ಟಾ ಓಟ ಅದನ್ನು ಹಾಳುಮಾಡಬಹುದು.

ಮೊದಲ ಗಂಟೆಯ ಓಟದ ಬಗ್ಗೆ ತಯಾರಕರ ಪುಸ್ತಿಕೆಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ, ಅದರ ಹಿಂದಿನ ತರ್ಕ ಗಟ್ಟಿಯಾಗಿದೆ. ಮೊದಲು ಆಯಿಲು: ಸಾಗಾಟದಲ್ಲಿ ಚೆಲ್ಲದಿರಲೆಂದು ಕೆಲವು ಯಂತ್ರಗಳನ್ನು ಆಯಿಲಿಲ್ಲದೆ ಕಳಿಸುತ್ತಾರೆ, ಕೆಲವಕ್ಕೆ ಬಿರಡೆ ಹಾಕಿರುತ್ತಾರೆ. ಗಾಜಿನ ಕಿಂಡಿಯ ನಡುವಿನ ಗುರುತಿನವರೆಗೆ ಆಯಿಲು ತುಂಬಿ, ಬಿರಡೆ ತೆಗೆದು ಉಸಿರಾಡುವ ಮುಚ್ಚಳ ಹಾಕಬೇಕು. ಬೆಲ್ಟಿನ ಚಕ್ರವನ್ನು, ಪ್ಲಗ್ಗು ತೆಗೆದಿಟ್ಟು, ಕೈಯಿಂದ ಒಂದೆರಡು ಸುತ್ತು ತಿರುಗಿಸಿದರೆ ಏನಾದರೂ ಸಿಕ್ಕಿಕೊಂಡಿದ್ದರೆ ಕೈಗೇ ತಿಳಿಯುತ್ತದೆ. ಆಮೇಲೆ ಗಾರ್ಡು ಹಾಕಿ, ಟ್ಯಾಂಕಿನ ಹೊರದಾರಿಯನ್ನು ಪೂರ್ತಿ ತೆರೆದಿಟ್ಟು ಅರ್ಧ ಗಂಟೆಯಷ್ಟು ಹೊತ್ತು ಒತ್ತಡವಿಲ್ಲದೆ ಓಡಿಸಬೇಕು. ಅಂಗಡಿಯವರಿಗೆ ಬೇಸರ ತರಿಸುವ ಭಾಗ ಇದು, ಗಾಳಿಯೂ ಇಲ್ಲ, ಕೆಲಸವೂ ಇಲ್ಲ. ಆದರೆ ಹೊಸ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವುದು, ಆಯಿಲು ಎಲ್ಲ ಕಡೆ ತಲುಪುವುದು, ತಿರುಗುವ ದಿಕ್ಕು, ವಿಚಿತ್ರ ಸದ್ದು, ಅತಿ ಬಿಸಿ, ಇವೆಲ್ಲ ಗೊತ್ತಾಗುವುದು ಟ್ಯಾಂಕಿನಲ್ಲಿ ಶಕ್ತಿ ಕೂಡುವುದಕ್ಕೆ ಮುಂಚೆ. ಅದಾದ ಮೇಲೆ ಹೊರದಾರಿ ಮುಚ್ಚಿ ಒತ್ತಡ ಏರಲು ಬಿಡುವುದು, ಗೇಜಿನ ಮುಳ್ಳಿನ ಮೇಲೆ ಕಣ್ಣಿಟ್ಟು. ಸ್ವಿಚ್ಚು ಎಷ್ಟರಲ್ಲಿ ನಿಂತಿತು, ಗಾಳಿ ಬಿಟ್ಟಾಗ ಮತ್ತೆ ಎಷ್ಟಕ್ಕೆ ಹೊರಟಿತು, ನಿಂತಾಗ ಚುಸ್ ಎಂದಿತೇ ಎಂದು ನೋಡಬೇಕು. ಸೇಫ್ಟಿ ವಾಲ್ವಿನ ಉಂಗುರವನ್ನು, ಮುಖ ಆಚೆ ಮಾಡಿ, ಒಮ್ಮೆ ಎಳೆದು ಅದು ಜೀವಂತವಿದೆಯೇ ತಿಳಿಯಬೇಕು. ಮುಳ್ಳು ಮಿತಿ ದಾಟಿದರೂ ಮೋಟರು ನಿಲ್ಲದಿದ್ದರೆ ಏನಾಗುತ್ತದೋ ನೋಡೋಣ ಎಂದು ಕಾಯುವ ಅಗತ್ಯವಿಲ್ಲ, ಮೇನ್ ಆಫ್ ಮಾಡಿ. ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಗೋಡೆಯ ಮೇಲೆ ಬರೆದಿಟ್ಟರೆ ಅದು ಮುಂದಿನ ವರ್ಷಗಳಿಗೆ ಅಳತೆಗೋಲು. 100 ಲೀಟರಿಗೆ ಐದು ನಿಮಿಷ ಹಿಡಿಯುತ್ತಿದ್ದದ್ದು ಎಂಟಾದರೆ ವಾಲ್ವೋ ರಿಂಗೋ ಸವೆದಿದೆ, ಇಲ್ಲ ಎಲ್ಲೋ ಸೋರುತ್ತಿದೆ.

ಹೊರಬರುವ ಗಾಳಿಯ ಬಗ್ಗೆಯೂ ಒಂದು ಮಾತು. ಬಟ್ಟೆಯ ಧೂಳು, ತಲೆಯ ಧೂಳು ಊದಿಕೊಳ್ಳುವುದು ಗ್ಯಾರೇಜುಗಳಲ್ಲಿ ದಿನದ ಕೊನೆಯ ಶಾಸ್ತ್ರವೇ ಆಗಿಬಿಟ್ಟಿದೆ. ಯಂತ್ರ ಭಾಗಗಳನ್ನು ಶುಚಿಮಾಡಲು ಬಳಸುವ ಗಾಳಿಯೇ 30 ಪಾಯಿಂಟ್ ದಾಟಬಾರದು, ಅದೂ ಹಾರುವ ಚೂರಿಗೆ ತಡೆ ಮತ್ತು ಕಣ್ಣಿಗೆ ಕನ್ನಡಕ ಇದ್ದಾಗ ಮಾತ್ರ ಎಂಬುದು ಓಷಾ ನಿಯಮ. ಮೈಮೇಲಂತೂ ಎಷ್ಟು ಕಡಿಮೆಯಾದರೂ ಸಲ್ಲದು. 2024ರ ಮಾರ್ಚಿನಲ್ಲಿ ಬೆಂಗಳೂರಿನ ವಾಹನ ಸರ್ವಿಸ್ ಅಂಗಡಿಯೊಂದರಲ್ಲಿ ವಾಹನ ಒಣಗಿಸುವ ಗಾಳಿಯನ್ನು ತಮಾಷೆಗೆಂದು ಗೆಳೆಯನ ಗುದದ್ವಾರಕ್ಕೆ ಹಿಡಿದದ್ದರಿಂದ ಕರುಳು ಒಡೆದು ಯುವಕನೊಬ್ಬ ಸತ್ತ. ಅದನ್ನು ಕಿಡಿಗೇಡಿತನ ಎಂದು ಬದಿಗಿಡುವುದು ಸುಲಭ. ಬೆಂಕಿಯಿಂದಾಗಲೀ ಆಸಿಡ್‌ನಿಂದಾಗಲೀ ಯಾರೂ ಆ ಬಗೆಯ ತಮಾಷೆ ಮಾಡುವುದಿಲ್ಲ. ಬರೀ ಗಾಳಿ ಎಂಬ ಭಾವನೆ ಅಲ್ಲಿಯೂ ಕೆಲಸ ಮಾಡಿದೆ.

ಕೊನೆಯ ಆಕ್ಷೇಪ ಹಣದ್ದು ಮತ್ತು ಕಾನೂನಿನದು. ಪಂಕ್ಚರ್ ಅಂಗಡಿಯವನ ಆದಾಯವೆಷ್ಟು, ಅವನ ಮೇಲೆ ತಪಾಸಣೆಯ ಹೊರೆ ಹೊರಿಸಿದರೆ ಲಂಚದ ಇನ್ನೊಂದು ಬಾಗಿಲು ತೆರೆದಂತಾಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಈಗಿರುವ ಏರ್ಪಾಡು ಹೀಗಿದೆ: 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಮು ಒತ್ತಡದ ಪಾತ್ರೆಗಳು ಸುರಕ್ಷಿತ ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು ಹೇಳಿತು, ನಿಯತ ಅವಧಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪರೀಕ್ಷೆಯ ಏರ್ಪಾಡು ನಿಯಮಗಳಲ್ಲಿ ಬಂತು. ಆದರೆ ಆ ಕಾಯ್ದೆ ತಟ್ಟುತ್ತಿದ್ದದ್ದು ವಿದ್ಯುತ್ ಬಳಸುವ, 10 ಅಥವಾ ಹೆಚ್ಚು ಕೆಲಸಗಾರರಿರುವ ಜಾಗಕ್ಕೆ. 2020ರ ವೃತ್ತಿ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಟ್ಯಾಂಕಿಗೆ ಸುತ್ತ ಎಷ್ಟು ಜನರಿದ್ದಾರೆಂಬುದು ಗೊತ್ತಾಗುವುದಿಲ್ಲವಲ್ಲ! ಬ್ರಿಟನ್ 2000ರ ತನ್ನ ನಿಯಮಗಳಲ್ಲಿ ಬೇರೆ ಅಳತೆ ಹಿಡಿಯಿತು: ಒತ್ತಡವನ್ನು ಗಾತ್ರದಿಂದ ಗುಣಿಸಿ 250 ಬಾರ್ ಲೀಟರ್ ಮುಟ್ಟಿದರೆ, ಮಾಲೀಕ ಒಬ್ಬನೇ ಇರಲಿ, ಐನೂರು ಜನರಿರಲಿ, ಬರೆದಿಟ್ಟ ತಪಾಸಣಾ ಯೋಜನೆ ಇರಲೇಬೇಕು. ನಮ್ಮ ಗ್ಯಾರೇಜಿನ 100 ಲೀಟರ್, 10 ಬಾರ್ ಯಂತ್ರ ಆ ಲೆಕ್ಕದಲ್ಲಿ 1,000. ಅಲ್ಲಿಯೂ ಸರ್ಕಾರಿ ಇನ್‌ಸ್ಪೆಕ್ಟರ್ ಬಾಗಿಲು ತಟ್ಟಿ ಬರುವುದಿಲ್ಲ. ಅರ್ಹರನ್ನು ಕರೆಸಿ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಳ್ಳುವುದು ಮಾಲೀಕನ ಹೊಣೆ. ಈ ಮಾದರಿಯಲ್ಲಿ ಹೊರೆಯೂ ಕಡಿಮೆ, ಲಂಚದ ಸಂದೂ ಕಡಿಮೆ. ಕೆಲಸಗಾರರ ತಲೆ ಎಣಿಸುವ ಬದಲು ಬಾರ್ ಲೀಟರ್ ಎಣಿಸುವ ನಿಯಮ ನಮಗೂ ಬೇಕು ಎನ್ನುವುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಯಂತ್ರದ ಪುಸ್ತಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತದೆ, ಪೆಟ್ಟಿಗೆಯ ಜೊತೆಗೇ ಕಸಕ್ಕೆ ಹೋಗುತ್ತದೆ. ಕೂರಿಸುವುದು ಮತ್ತು ಮೊದಲ ಸಲ ಓಡಿಸುವುದನ್ನು ಹೇಳುವ ಒಂದೇ ಒಂದು ಕನ್ನಡ ಹಾಳೆಯನ್ನು ಮಾರಾಟಗಾರರು ಬಿಲ್ಲಿನ ಜೊತೆ ಕೊಡಬಹುದು, ಐಟಿಐಗಳು ಅಚ್ಚು ಹಾಕಿಸಿ ಹಂಚಬಹುದು. ಕೊಳ್ಳುವವರು ಬೆಲೆ ಕೇಳುವ ಮೊದಲು ಟ್ಯಾಂಕಿನ ಪ್ಲೇಟು ತೋರಿಸಿ ಎನ್ನಬೇಕು. ಅದರಲ್ಲಿ ಗರಿಷ್ಠ ಒತ್ತಡ, ಪರೀಕ್ಷೆಯ ಒತ್ತಡ, ತಯಾರಾದ ವರ್ಷ ಇರಬೇಕು, ಜೊತೆಗೆ ಪರೀಕ್ಷೆಯ ಕಾಗದ ಇರಬೇಕು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಾಗಲೀ ನಿಮ್ಮ ತಾಲ್ಲೂಕಿನ ಗುಜರಿಯಲ್ಲಾಗಲೀ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವುದಾದರೆ ಪಂಪು ಮತ್ತು ಮೋಟರಿಗೆ ಚೌಕಾಸಿ ಮಾಡಿ. ಪ್ಲೇಟಿಲ್ಲದ, ಒಳಗೆ ಎಷ್ಟು ತಗಡು ಉಳಿದಿದೆ ಎಂದು ಯಾರೂ ಹೇಳಲಾಗದ ಟ್ಯಾಂಕನ್ನು ಮಾತ್ರ ಅಲ್ಲಿಯೇ ಬಿಟ್ಟು, ಪರೀಕ್ಷೆಯಾದ ಹೊಸ ಟ್ಯಾಂಕು ಹಾಕಿಸಿ.